ಎದೆಯ ಲೆಕ್ಕ, ಹೊಟ್ಟೆಯ ಲೆಕ್ಕ

ನನ್ನ ತರಗತಿಯಲ್ಲಿ ಎರಡು ಬೆರಳು ಎತ್ತಿದ ಮಗುವಿಗೆ ನಾನು ಈವರೆಗೆ ಒಮ್ಮೆಯೂ ‘ಆಮೇಲೆ’ ಎಂದಿಲ್ಲ. ಒಂದು ಬೆರಳಾದರೆ, ಈ ಲೆಕ್ಕ ಮುಗಿಸಿ ಹೋಗು ಎನ್ನುವುದುಂಟು. ಎರಡು ಬೆರಳು ಕಂಡರೆ ಮಾತ್ರ ಸೀಮೆಸುಣ್ಣ ಹಿಡಿದ ಕೈಯಿಂದಲೇ ಬಾಗಿಲು ತೋರಿಸಿಬಿಡುತ್ತೇನೆ. ಕಳೆದ ತಿಂಗಳು ಹೀಗೆ ಹೋದವರು ಹದಿನೇಳು ಮಂದಿ. ಅವರಲ್ಲಿ ಆರು ಮಂದಿ ನಿಜವಾಗಿ ಹೋದದ್ದು ಶಾಲೆಯ ಹಿಂದಿನ ಸೀಬೆಮರಕ್ಕೆ ಎನ್ನುವುದೂ ನನ್ನ ಡೈರಿಯಲ್ಲಿದೆ. ಇರಲಿ. ಹನ್ನೊಂದು ಮಂದಿಯ ಹೊಟ್ಟೆ ಹಗುರಾಯಿತಲ್ಲ.

“ಏನ್ ಮೇಡಂ, ನಿಮ್ ಕ್ಲಾಸು ಅರ್ಧ ಯಾವಾಗ್ಲೂ ಬಯಲಲ್ಲೇ ಇರ್ತದೆ,” ಎಂದು ಪಕ್ಕದ ಕೋಣೆಯ ಮೇಷ್ಟ್ರು ನಗುತ್ತಾರೆ. ನಾನೂ ನಗುತ್ತೇನೆ. ಕಾರಣ ಅವರಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನಿಮ್ಮ ಮುಖ ನೋಡಿಕೊಂಡು ಹೇಳಬೇಕಾಗಿಲ್ಲ, ಹಾಗಾಗಿ ಸುಲಭ.

ಮೊದಲು ನನ್ನ ಚಟದ ವಿಷಯ ಹೇಳಿಬಿಡಬೇಕು. ನಾನು ಎಲ್ಲದಕ್ಕೂ ಲೆಕ್ಕ ಇಡುತ್ತೇನೆ. ಒಂದು ಸೀಮೆಸುಣ್ಣ ಎಷ್ಟು ದಿನ ಬಂತು, ಆಷಾಢದಲ್ಲಿ ಎಷ್ಟು ದಿನ ಗಾಳಿ ಬೀಸಿತು, ಮಂಚೇನಹಳ್ಳಿಯ ಮೇಲೆ ಬರುವ ಬಸ್ಸು ವಾರದಲ್ಲಿ ಎಷ್ಟು ಸಲ ಕೆಟ್ಟು ನಿಂತಿತು, ಎಲ್ಲವೂ ಇದೆ. ಯಾರಿಗೂ ಬೇಡದ ಲೆಕ್ಕ. ಈ ಚಟ ಅಮ್ಮನಿಂದ ಬಂದದ್ದು. ತಮಾಷೆಯೆಂದರೆ ಅಮ್ಮನಿಗೆ ಅಕ್ಷರ ಬಾರದು.

ನಮ್ಮದು ಶಿಡ್ಲಘಟ್ಟದಿಂದ ಮೂರು ಮೈಲಿ ದೂರದ ಹಳ್ಳಿ. ಅಲ್ಲಿ ರೇಷ್ಮೆಹುಳು ಸಾಕದ ಮನೆ ಕಡಿಮೆ. ನಮ್ಮಲ್ಲಿ ನಡುಮನೆ ಹುಳುಗಳಿಗೆ, ಜಗುಲಿ ಮನುಷ್ಯರಿಗೆ. ಹುಳುಮನೆಯ ಗೋಡೆಯ ಮೇಲೆ ಅಮ್ಮ ಇದ್ದಿಲಿನಿಂದ ಗುರುತು ಹಾಕುತ್ತಿದ್ದಳು. ಸೊಪ್ಪು ಹಾಕಿದ ಪ್ರತಿ ಸಲಕ್ಕೆ ಒಂದು ಗೀಟು, ತಟ್ಟೆಯ ಕಸ ತೆಗೆದರೆ ಒಂದು ಚುಕ್ಕೆ, ಹುಳುಗಳು ಮೇವು ಬಿಟ್ಟು ಪೊರೆ ಕಳಚಲು ಕೂತರೆ ಒಂದು ಸುತ್ತು. ಹಾಗೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಬೆಳಿಗ್ಗೆ ಎದ್ದವಳೇ ಅಮ್ಮ ನೋಡುತ್ತಿದ್ದುದು ಹುಳುಗಳ ಹಿಕ್ಕೆಯನ್ನು. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ಬೆರಳಿನಿಂದ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿಯುವಳು. ಒಣಗಿ ಉದುರಿದರೆ ಅವಳ ಮುಖ ಅರಳುತ್ತಿತ್ತು. ಅಂಟಿಕೊಂಡರೆ ಅಂದು ಎಲ್ಲರೂ ಮೆತ್ತಗೆ ನಡೆಯಬೇಕು. ಹುಳುಗಳ ಹತ್ತಿರ ಕೂಗುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಅಪ್ಪ ಬೀಡಿ ಹಚ್ಚುವಂತಿಲ್ಲ. ಸಾವಿರಾರು ಹುಳುಗಳ ಹೊಟ್ಟೆಯ ವಿಚಾರ ದಿನಕ್ಕೆ ನಾಲ್ಕು ಸಲ ಮಾತಾಡುವ ಮನೆಯಲ್ಲಿ ಹುಟ್ಟಿದ ನಾನು, ನನ್ನ ಒಂದೇ ಒಂದು ಹೊಟ್ಟೆಯ ವಿಚಾರ ಬಾಯಿಬಿಟ್ಟು ಹೇಳಲಾರದೆ ಎಪ್ಪತ್ತು ದಿನ ಒದ್ದಾಡಿದೆ.

ಎಸ್ಸೆಸ್ಸೆಲ್ಸಿ ಪಾಸಾಗಿ, ಟ್ರೈನಿಂಗ್ ಮುಗಿಸಿ, ಗೌರಿಬಿದನೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಾಗ ನನಗೆ ಇಪ್ಪತ್ತೊಂದು. ನಮ್ಮ ಹಳ್ಳಿಯಿಂದ ಸಂಬಳದ ಕೆಲಸಕ್ಕೆ ಹೊರಟ ಮೊದಲ ಹೆಣ್ಣು ನಾನೇ. “ಆರು ತಿಂಗಳು ನೋಡಣ. ಖಾಯಂ ಆದ್ರೆ ಇರು. ಇಲ್ಲಾಂದ್ರೆ ಸುಮ್ನೆ ಮನೆಗೆ ಬಂದ್ಬಿಡಮ್ಮ,” ಎಂದು ಅಪ್ಪ ಒಪ್ಪಿದ್ದರು. ಖಾಯಂ ಆಗಲು ಆರು ತಿಂಗಳಾದ ಮೇಲೆ ಡಾಕ್ಟರ ಸರ್ಟಿಫಿಕೇಟ್ ಒಂದನ್ನು ಕೊಡಬೇಕಿತ್ತು, ಮೈ ಗಟ್ಟಿಯಿದೆ ಎಂದು. ಅದೇನು ಮಹಾ ಎಂದುಕೊಂಡಿದ್ದೆ. ಜ್ವರ ಬಂದು ಮಲಗಿದ ನೆನಪೇ ನನಗಿರಲಿಲ್ಲ.

ಶಾಲೆಯಲ್ಲಿ ನಾನೊಬ್ಬಳೇ ಹೆಂಗಸು. ಆರು ಜನ ಮೇಷ್ಟ್ರುಗಳಿಗೆ ಕಾಂಪೌಂಡಿನ ಗೋಡೆ ಇತ್ತು. ನನಗೆ ಏನೂ ಇರಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೀರು ಕುಡಿಯದೆ ಇರುವುದನ್ನು ಮೊದಲ ವಾರವೇ ಕಲಿತೆ. ಬಾಡಿಗೆಗೆ ಹಿಡಿದ ಕೋಣೆ ಪಂಕಜಮ್ಮ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ಅವರ ಹಿತ್ತಲಿನಲ್ಲಿ ಒಂದು ತಗಡಿನ ಕಕ್ಕಸು. ಚಿಲಕವಿಲ್ಲ, ಬಾಗಿಲಿಗೆ ಕಟ್ಟಿದ ಹಗ್ಗವನ್ನು ಒಳಗಿನಿಂದ ಎಳೆದು ಹಿಡಿದುಕೊಳ್ಳಬೇಕು. ಪಂಕಜಮ್ಮ ಬೆಳಗಿನ ಹೊತ್ತು ಸರಿಯಾಗಿ ಅದರ ಎದುರಿಗೇ ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. “ಯಾರಮ್ಮಾ ಒಳಗೆ? ಸರೋಜಾನಾ? ಇವತ್ತೇನು ಅಡಿಗೆ?” ಹಗ್ಗ ಹಿಡಿದುಕೊಂಡು ಒಳಗಿನಿಂದ “ಉಪ್ಪಿಟ್ಟು” ಎನ್ನಬೇಕು. ಹಿಂದಿನ ಓಣಿಯಿಂದ ಒಬ್ಬ ಹೆಂಗಸು ಬಂದು ಅಲ್ಲಿನ ಹೊಲಸನ್ನು ಬುಟ್ಟಿಗೆ ತುಂಬಿ ಹೊತ್ತುಕೊಂಡು ಹೋಗುತ್ತಿದ್ದಳು. ಅವಳ ಬರಿಗೈ ನೋಡಿದ ದಿನದಿಂದ ನನಗೆ ಆ ತಗಡಿನ ಒಳಗೆ ಕೂರುವುದೇ ಅಪರಾಧ ಅನ್ನಿಸಿತು. ಹೊಟ್ಟೆ ತಾನಾಗಿ ಬಾಗಿಲು ಹಾಕಿಕೊಂಡಿತು.

ಮೊದಲ ಮೂರು ತಿಂಗಳು ಪ್ರತಿ ಶನಿವಾರ ಊರಿಗೆ ಓಡುತ್ತಿದ್ದೆ. ಎಲ್ಲರೂ ತಿಳಿದದ್ದು, ಹುಡುಗಿಗೆ ಅಮ್ಮನ ನೆನಪು ಎಂದು. ಅದು ಸುಳ್ಳಲ್ಲ. ಆದರೆ ನಾನು ಬಯಸುತ್ತಿದ್ದುದು ಭಾನುವಾರದ ಬೆಳಗಿನ ಜಾವವನ್ನು. ಇದನ್ನು ಹೇಳಲು ಈಗಲೂ ನಾಚಿಕೆ. ದೂರ ಹೋದವರು ಮನೆಯ ಸಾರನ್ನು ನೆನೆಯುತ್ತಾರೆ, ಮಲ್ಲಿಗೆಯನ್ನು ನೆನೆಯುತ್ತಾರೆ. ನಾನು ನೆನೆಯುತ್ತಿದ್ದುದು ಹೊಂಗೆತೋಪಿನ ಆಚೆಯ ಬಯಲನ್ನು.

ಕೋಳಿ ಕೂಗಿದ ಮೇಲೆ, ಒಬ್ಬರ ಮುಖ ಒಬ್ಬರಿಗೆ ಕಾಣುವ ಮೊದಲು, ಏಳು ಮನೆಯ ಹನ್ನೆರಡು ಹೆಂಗಸರು ಚೊಂಬು ಹಿಡಿದು ಹೊರಡುತ್ತಿದ್ದೆವು. ಚಿಂತಾಮಣಿ ಕಡೆಯಿಂದ ಬಂದ ಚಿಕ್ಕಮ್ಮ ಜಗುಲಿಯ ಹತ್ತಿರ ನಿಂತು ತೆಲುಗಿನಲ್ಲಿ ಕರೆಯುವಳು, “ರಾಮ್ಮಾ ಸರೋಜಾ, ಪೋದಾಂ.” ಅಷ್ಟಷ್ಟು ದೂರಕ್ಕೆ ಕೂತ ಮೇಲೆ ಕತ್ತಲಲ್ಲಿ ಬರೀ ದನಿಗಳು. ಯಾರ ಸೊಸೆಗೆ ದಿನ ತುಂಬಿದೆ, ಯಾರ ಮನೆಯ ಹುಳು ಮೂರನೇ ಜ್ವರದಲ್ಲಿ ಕೈಕೊಟ್ಟಿತು, ಯಾರ ಗಂಡ ಚಿಕ್ಕಬಳ್ಳಾಪುರಕ್ಕೆ ಹೋಗಿ ಎರಡು ದಿನ ತಡವಾಗಿ ಬಂದ. ಚಿಕ್ಕಮ್ಮನ ಅರ್ಧ ತೆಲುಗು ಅರ್ಧ ಕನ್ನಡದ ಕತೆಗೆ ಹನ್ನೆರಡು ಜನವೂ ನಕ್ಕರೆ ತೋಪಿನ ಹಕ್ಕಿಗಳು ಎದ್ದು ಹಾರುತ್ತಿದ್ದವು. ಇಡೀ ದಿನದಲ್ಲಿ ಆ ಹೆಂಗಸರನ್ನು ಯಾರೂ ಕರೆಯದ, ಯಾವ ಕೆಲಸವೂ ಕಾಯದ ಹೊತ್ತು ಅದೊಂದೇ. ಸುಖವೆಂದು ಹೇಳಲಾರೆ. ಮಳೆಗಾಲದಲ್ಲಿ ಹಾವಿನ ಭಯ, ಬೆಳಕು ಹರಿದರೆ ಮುಗಿಯಿತು, ಮತ್ತೆ ಸಂಜೆಯವರೆಗೆ ತಡೆದುಕೊಳ್ಳಬೇಕು. ಆದರೂ ಐದನೇ ವಯಸ್ಸಿನಿಂದ ನಾನು ಆ ದನಿಗಳ ನಡುವೆ ಕೂತವಳು. ನನ್ನ ಹೊಟ್ಟೆಗೆ ಆ ದನಿಗಳು ಬೇಕಿದ್ದವು.

ಗಣೇಶನ ಹಬ್ಬ ಕಳೆದ ಮೇಲೆ ಪರೀಕ್ಷೆಯ ಕೆಲಸ ಶುರುವಾಗಿ ಶನಿವಾರದ ಓಟ ನಿಂತಿತು. ಎರಡನೇ ವಾರ, ಗುರುವಾರ, ಊಟದ ಬಿಡುವಿನ ಮುಂಚಿನ ಪೀರಿಯಡ್ಡು. ಬೋರ್ಡಿನ ಮೇಲೆ ಭಾಗಾಕಾರ ಮಾಡುತ್ತಿದ್ದೆ. ಶೇಷ ಬರೆಯಲು ಕೈ ಎತ್ತಿದಾಗ ಎದೆ ದಡದಡ ಹಾರಿತು. ಉಸಿರು ಗಂಟಲಲ್ಲೇ ನಿಂತಿತು. ಬೆರಳು ತಣ್ಣಗಾಗಿ ಸೀಮೆಸುಣ್ಣ ಬಿತ್ತು. ಸತ್ತೆ ಎಂದುಕೊಂಡೆ. ಉತ್ಪ್ರೇಕ್ಷೆಯಲ್ಲ. ಇದೇ ಸಾವು, ಹೀಗೇ ಇರುತ್ತದೆ, ಮಕ್ಕಳ ಎದುರಿಗೆ ಆಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ನೆಲದ ಮೇಲೆ ಕೂತುಬಿಟ್ಟೆ.

ಹೆಡ್ಮಾಸ್ಟರು ಓಡಿ ಬಂದರು. ಯಾರೋ ಗೋಲಿಸೋಡ ತಂದರು. ಕುಡಿದ ಎರಡು ನಿಮಿಷಕ್ಕೆ ನಲವತ್ತೊಂದು ಮಕ್ಕಳ ಎದುರಿಗೆ ನನ್ನಿಂದ ಒಂದು ದೊಡ್ಡ ತೇಗು ಬಂತು. ಎಮ್ಮೆ ಕೂಡ ನಾಚುವಂಥದ್ದು. ಅದರ ಹಿಂದೆಯೇ ಎದೆ ಸ್ವಲ್ಪ ಇಳಿಯಿತು. ಬುದ್ಧಿಯಿದ್ದವರಿಗೆ ಆಗಲೇ ಗೊತ್ತಾಗಬೇಕಿತ್ತು. ನಾನು ಅಂದಿನ ಪುಟದಲ್ಲಿ ‘ತೇಗು: ಒಂದು’ ಎಂದು ಬರೆದು ಸುಮ್ಮನಾದೆ.

“ಎದೆ ನೋವಾ ಸರೋಜಮ್ಮ?” ಎಂದರು ಹೆಡ್ಮಾಸ್ಟರು.

“ಹೌದು ಸಾರ್, ಎದೆ.”

ಎದೆ ಎನ್ನುವುದು ಮರ್ಯಾದೆಯ ಜಾಗ. ಅದರ ಬಗ್ಗೆ ಕಾಗದ ಬರೆಯಬಹುದು, ರಜೆ ಕೇಳಬಹುದು, ಕೇಳಿದವರು ಅಯ್ಯೋ ಎನ್ನುತ್ತಾರೆ. ಹೊಟ್ಟೆ ಕಟ್ಟಿದೆ ಎಂದರೆ ಯಾರೂ ಅಯ್ಯೋ ಎನ್ನುವುದಿಲ್ಲ. ತುಟಿ ಕಚ್ಚಿಕೊಳ್ಳುತ್ತಾರೆ. ಆರು ಮೇಷ್ಟ್ರುಗಳ ಮುಂದೆ ನಾನು ಎದೆಯನ್ನೇ ಆರಿಸಿಕೊಂಡೆ.

ಎದೆ ಹಾರುವುದು ಮತ್ತೆ ಬಂತು. ಪ್ರಾರ್ಥನೆಯ ಸಾಲಿನಲ್ಲಿ, ಅಂಚೆಕಚೇರಿಯ ಕಟ್ಟೆಯ ಮೇಲೆ, ಒಂದು ಸಲ ಪಂಕಜಮ್ಮನ ಅಡಿಗೆಮನೆಯ ಹೊಸ್ತಿಲಲ್ಲಿ. ಬರುವುದಕ್ಕಿಂತ ಬಂದೀತು ಎಂಬ ಹೆದರಿಕೆಯೇ ದೊಡ್ಡದಾಯಿತು. ಊಟ ಕಡಿಮೆ ಮಾಡಿದೆ. ಮುದ್ದೆ ಬಿಟ್ಟು ಬನ್ನು, ಕಾಫಿ. ಹೆಡ್ಮಾಸ್ಟರು ಕರೆದು, “ನೋಡಮ್ಮ, ನೀನು ಪಾಠ ಚೆನ್ನಾಗಿ ಮಾಡ್ತೀಯ. ಆದ್ರೆ ಹಾರ್ಟ್ ವೀಕು ಅಂತ ಡಾಕ್ಟರು ಬರೆದ್ಬಿಟ್ರೆ ಖಾಯಂ ಮಾಡೋದು ನನ್ ಕೈಲಿಲ್ಲ,” ಎಂದರು.

ಅಂದಿನಿಂದ ಡೈರಿಯಲ್ಲಿ ಗುರುತು ಹಾಕತೊಡಗಿದೆ. ಎದೆ ಹಾರಿದ ದಿನಕ್ಕೆ ಒಂದು ಕತ್ತರಿ ಗುರುತು. ಹೊಟ್ಟೆ ಹಗುರಾದ ದಿನಕ್ಕೆ ಒಂದು ಸೊನ್ನೆ. ಕತ್ತರಿ ಮೇಲಿನ ಸಾಲಿನಲ್ಲಿ, ಸೊನ್ನೆ ಕೆಳಗಿನ ಸಾಲಿನಲ್ಲಿ. ಎಪ್ಪತ್ತು ದಿನಕ್ಕೆ ಕತ್ತರಿ ಹದಿನಾಲ್ಕು, ಸೊನ್ನೆ ಹತ್ತೊಂಬತ್ತು. ಎರಡನ್ನೂ ಪ್ರತಿ ಭಾನುವಾರ ಕೂಡುತ್ತಿದ್ದೆ, ಬೇರೆ ಬೇರೆಯಾಗಿ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ನನಗೆ ಹೊಳೆಯಲಿಲ್ಲ. ಭಾಗಾಕಾರ ಕಲಿಸುವ ಟೀಚರಿಗೆ.

ಹೆಡ್ಮಾಸ್ಟರು ಅಪ್ಪನಿಗೆ ಕಾಗದ ಹಾಕಿದ್ದರು ಅನ್ನಿಸುತ್ತದೆ. ನವೆಂಬರಿನಲ್ಲಿ ಅಪ್ಪನ ಕಾಗದ ಬಂತು: ಜೀವಕ್ಕಿಂತ ಕೆಲಸ ದೊಡ್ಡದಲ್ಲ, ಈ ಬೆಳೆ ಮುಗಿದ ಕೂಡಲೇ ಅಮ್ಮ ಬರುತ್ತಾಳೆ, ಟ್ರಂಕು ಕಟ್ಟಿಕೋ. ಓದುತ್ತ ಓದುತ್ತಲೇ ಒಂದು ಕತ್ತರಿ.

ಹೇಳಿದಂತೆ ಅಮ್ಮ ಬಂದಳು. ಗೂಡು ಮಾರಿ, ಹುಳುಮನೆ ತೊಳೆದು ಸುಣ್ಣ ಬಳಿದು ಒಣಗಲು ಬಿಟ್ಟ ಆ ಒಂದು ವಾರದ ಬಿಡುವಿನಲ್ಲಿ. ಹಾಗೆ ಬಿಡುವು ಮಾಡಿಕೊಂಡು ಅವಳು ಊರು ಬಿಟ್ಟು ಬಂದದ್ದು ನಾನು ಕಂಡಂತೆ ಅದೇ ಮೊದಲು. ನಾನು ಶಾಲೆಯಿಂದ ಬಂದಾಗ ನನ್ನ ಡೈರಿಯನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕೂತಿದ್ದಳು.

“ಏನೇ ಇದು, ನಮ್ ಗ್ವಾಡೇನೇ ಎತ್ಕೊಂಡ್ ಬಂದಿದೀಯ?”

“ಇಡಮ್ಮ ಅದನ್ನ.”

“ಈ ಕತ್ರಿ ಏನು?”

“ಎದೆ ಹಾರಿದ ದಿನ.”

“ಈ ಸೊನ್ನೆ?”

ನಾನು ಚೀಲವನ್ನು ಮೊಳೆಗೆ ನೇತುಹಾಕಲು ತಿರುಗಿದೆ. ಅಮ್ಮ ಪುಟದ ಮೇಲೆ ಬೆರಳಿಟ್ಟು ನಿಧಾನವಾಗಿ ಎಡದಿಂದ ಬಲಕ್ಕೆ ಹೋದಳು. ಹುಳುಮನೆಯಲ್ಲಿ ಯಾವ ತಟ್ಟೆ ಯಾವಾಗ ಮೇವು ಬಿಟ್ಟಿತೆಂದು ಹುಡುಕುವಾಗ ಹೀಗೇ ಹೋಗುತ್ತಾಳೆ.

“ಹೊಟ್ಟೆದಾ?” ಎಂದಳು.

“ಹೂಂ.”

“ಬಾ ಇಲ್ಲಿ, ನೋಡು. ಸೊನ್ನೆ ಐತಲ್ಲ, ಅಲ್ಲಿ ಕತ್ರಿ ಇಲ್ಲ. ಮೂರು ದಿನ ಸೊನ್ನೆ ಇಲ್ಲ, ನಾಲ್ಕನೇ ದಿನಕ್ಕೆ ಕತ್ರಿ. ಇಲ್ಲೂ ಹಂಗೇ. ಇಲ್ಲಿ ಐದು ದಿನ ಇಲ್ಲ, ಎರಡು ಕತ್ರಿ ಬಿದ್ದೈತೆ. ಅಯ್ಯೋ ನನ್ ಕಂದಾ, ಬರೆದಿದೀಯ, ನೋಡೇ ಇಲ್ವಲ್ಲೇ.”

ನೋಡಿದೆ. ಹದಿನಾಲ್ಕರಲ್ಲಿ ಹನ್ನೆರಡು ಹಾಗೇ ಇದ್ದವು.

“ಮತ್ತೆ ಇವೆರಡು?” ಅಮ್ಮ ಉಳಿದವನ್ನು ಬಿಡಲಿಲ್ಲ. “ಹಿಂದಿನ ದಿನ ಸೊನ್ನೆ ಐತೆ, ಆದ್ರೂ ಕತ್ರಿ?”

“ಒಂದು ಸ್ಕೂಲ್ ಇನ್‌ಸ್ಪೆಕ್ಟ್ರು ಬಂದ ದಿನದ್ದು. ಇನ್ನೊಂದು ಅಪ್ಪನ ಕಾಗದ ಬಂದ ದಿನದ್ದು.”

“ಅಪ್ಪನ ಕಾಗದಕ್ಕೆ ಎದೆ ಹಾರ್ತದಾ?” ಎಂದು ನಕ್ಕಳು. ಆಮೇಲೆ ಬೆರಳನ್ನು ಇನ್ನೊಂದಿಷ್ಟು ಮುಂದಕ್ಕೆ ಸರಿಸಿದಳು. ಕಾಗದ ಬಂದ ದಿನದ ನಂತರ ಆರು ದಿನ ಒಂದೂ ಸೊನ್ನೆ ಇರಲಿಲ್ಲ. ಅವಳ ನಗು ನಿಂತಿತು.

“ಹಂಗಾದ್ರೆ ಎದೆ ಮೊದ್ಲಾ, ಹೊಟ್ಟೆ ಮೊದ್ಲಾ ಅಮ್ಮ?”

“ಗದ್ದಲ ಆದ್ರೆ ಹುಳ ಮೇವು ಬಿಡ್ತದೆ. ಮೇವು ಬಿಟ್ರೆ ಹಿಕ್ಕೆ ನಿಲ್ತದೆ. ಹಿಕ್ಕೆ ನಿಂತ್ರೆ ತಲೆ ಎತ್ಕೊಂಡು ನಡುಗ್ತಾ ಕೂತಿರ್ತದೆ. ಯಾವ್ದು ಮೊದ್ಲು ಅಂತ ಹುಳಾನ ಕೇಳಕ್ಕಾಗ್ತದಾ? ಒಂದು ಕಡೆಯಿಂದ ಬಿಡಿಸ್ಬೇಕು, ಅಷ್ಟೇ.” ಎಂದವಳು ಸುಮಾರು ಹೊತ್ತು ಡೈರಿಯನ್ನು ಮುಚ್ಚದೆ, ನೋಡದೆ, ಸುಮ್ಮನೆ ಹಿಡಿದುಕೊಂಡು ಕೂತಿದ್ದಳು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಅವಳು ಬಿಡಿಸಲು ಶುರು ಮಾಡಿದ್ದು ಪಂಕಜಮ್ಮನಿಂದ. ನಾನು ತಡೆಯುವ ಮೊದಲೇ ಹಿತ್ತಲಿಗೆ ಹೋಗಿ, “ನೀವು ಬೆಳಿಗ್ಗೆ ಈ ಕಲ್ ಮೇಲೆ ಕೂತ್ಕೊಂಡು ಮಾತಾಡಿಸ್ಬೇಡಿ ಕಣಮ್ಮ. ನಮ್ ಹುಡುಗಿಗೆ ಹೊಟ್ಟೆ ಹೋಗಲ್ವಂತೆ,” ಎಂದಳು. ನಾನು ನೆಲ ಬಿರಿಯಲಿ ಎಂದು ಕಾದೆ.

ಪಂಕಜಮ್ಮ ಕೈಯ ಸೊಪ್ಪು ಕೆಳಗಿಟ್ಟರು. “ಅಯ್ಯೋ ರಾಮ. ಚಿಲಕ ಇಲ್ಲ, ಹುಡುಗಿ ಹೆದರ್ಕೊಂಡಾಳು ಅಂತ ನಾನು ಕಾವಲಿಗೆ ಕೂತ್ಕೋತಿದ್ನಲ್ಲಮ್ಮ! ಸುಮ್ನೆ ಕೂತ್ರೆ ಏನಂದ್ಕೊಳ್ತಾಳೋ ಅಂತ ಮಾತಾಡಿಸ್ತಿದ್ದೆ.”

ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಮರುದಿನವೇ ಬಡಗಿ ಬಂದು ಚಿಲಕ ಹೊಡೆದ.

ಆದರೆ ಆ ಐದು ದಿನ ಅಮ್ಮ ನನ್ನನ್ನು ತಗಡಿನೊಳಕ್ಕೆ ಬಿಡಲಿಲ್ಲ. ಕತ್ತಲಿರುವಾಗಲೇ ಎಬ್ಬಿಸಿ, ಒಂದು ಲೋಟ ಬಿಸಿನೀರು ಕುಡಿಸಿ, ಪಿನಾಕಿನಿಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದಳು. ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು. ಮೊದಲ ಎರಡು ದಿನ ಏನೂ ಆಗಲಿಲ್ಲ. ನನಗೆ ಅಳು. ಅಮ್ಮ ಅವಸರ ಮಾಡಲಿಲ್ಲ. ಮೂರನೆಯ ದಿನ ಹತ್ತು ಹೆಜ್ಜೆ ಆಚೆಯ ಕತ್ತಲಿನಿಂದ ಅವಳ ದನಿ ಬಂತು. ಚಿಕ್ಕಮ್ಮ ಶಿಡ್ಲಘಟ್ಟದ ಗೂಡಿನ ದಲ್ಲಾಳಿಯ ಜೊತೆ ಜಗಳವಾಡಿದ ಕತೆ. ಚಿಕ್ಕಮ್ಮನ ತೆಲುಗು, ದಲ್ಲಾಳಿಯ ಉರ್ದು, ಎರಡನ್ನೂ ಅಮ್ಮನೇ ಆಡುತ್ತಿದ್ದಳು. ಕಣ್ಣು ಮುಚ್ಚಿದೆ. ಹೊಂಗೆತೋಪು, ಹನ್ನೆರಡು ದನಿ. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಹೊಟ್ಟೆ ಒಪ್ಪಿಕೊಂಡಿತು. ಆ ಜಗಳ ಹೇಗೆ ಮುಗಿಯಿತೆಂದು ನನಗೆ ಈಗಲೂ ಗೊತ್ತಿಲ್ಲ.

ಶನಿವಾರ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋದೆವು. ಟ್ರಂಕು ಜೊತೆಗೇ ಇತ್ತು. ಸರ್ಟಿಫಿಕೇಟ್ ಸಿಗದಿದ್ದರೆ ಅಲ್ಲಿಂದಲೇ ಶಿಡ್ಲಘಟ್ಟದ ಬಸ್ಸು ಹತ್ತುವುದೆಂದು ಅಪ್ಪನ ಅಪ್ಪಣೆ. ಬಸ್‌ಸ್ಟ್ಯಾಂಡಿನ ಕಾಫಿ ಅಂಗಡಿಯವನಿಗೆ ಅದನ್ನು ಒಪ್ಪಿಸಿ ಹೋದೆವು. ಡಾಕ್ಟರು ಬೆನ್ನಿಗೆ, ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ನನಗೆ ಗುಟುರು ಹಾಕುವಂತೆ ಕೇಳುತ್ತಿದ್ದ ಎದೆ ಅವರಿಗೆ ಏನು ಹೇಳಿತೋ. ಅಷ್ಟರಲ್ಲಿ ಅಮ್ಮ ಡೈರಿಯನ್ನು ಅವರ ಮೇ‍ಜಿನ ಮೇಲಿಟ್ಟಳು.

ಅವರು ಪುಟ ತಿರುಗಿಸಿದರು, ಹಿಂದಕ್ಕೆ ಬಂದರು, ಮತ್ತೆ ತಿರುಗಿಸಿದರು. “ಇದನ್ನ ಓದಿ ಹೇಳಿದ್ದು ಯಾರಮ್ಮ?”

“ನಾನೇ ಸ್ವಾಮಿ. ಹುಳ ಸಾಕ್ತೀವಿ,” ಎಂದಳು ಅಮ್ಮ.

“ಸರಿಯಾಗೇ ಓದಿದ್ದೀರಿ. ಹೆದರಿಕೆಗೆ ಕರುಳು ಬಿಗಿಯುತ್ತೆ. ಬಿಗಿದ ಹೊಟ್ಟೆಯ ಉಬ್ಬರ ಎದೆಯ ಹತ್ತಿರ ಒತ್ತಿದಾಗ ಮನಸ್ಸು ಇದು ಹಾರ್ಟೇ ಅಂತ ಇನ್ನಷ್ಟು ಹೆದರುತ್ತೆ. ಒಂದನ್ನೊಂದು ಎಳೀತಾ ಇರ್ತವೆ. ಇನ್ನು ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಬಂದ್ರೆ ಸಾಯಲ್ಲ ಅಂತ ಹೇಳ್ತೀನಿ. ಹಾರ್ಟು ಕಲ್ಲಿದ್ದಂಗಿದೆ.” ಸರ್ಟಿಫಿಕೇಟಿಗೆ ರುಜು ಹಾಕಿದರು.

ಬಸ್‌ಸ್ಟ್ಯಾಂಡಿನವರೆಗೆ ನಾನು ಓಡುತ್ತಲೇ ಬಂದೆ. ಅಮ್ಮ ಹಿಂದೆ ಹಿಂದೆ. ಶಿಡ್ಲಘಟ್ಟದ ಬಸ್ಸು ನಿಂತಿತ್ತು. ಕಾಫಿ ಅಂಗಡಿಯಿಂದ ಟ್ರಂಕು ಎತ್ತಿಕೊಂಡ ಕೂಲಿಯವನು ಕೇಳಿದ, “ಯಾವ್ ಬಸ್ಸಿಗಮ್ಮ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, “ಅದು ಗೌರಿಬಿದನೂರಿಗೆ. ನಾನೊಬ್ಳೇ ಈ ಬಸ್ಸಿಗೆ.”

ಕಿಟಕಿಯ ಪಕ್ಕ ಕೂತು ಸೆರಗು ಸರಿ ಮಾಡಿಕೊಂಡಳು. “ಮುಂದಿನ ಬೆಳೆಗೆ ಐವತ್ತು ಮೊಟ್ಟೆ ಜಾಸ್ತಿ ಹೇಳ್ಬಿಟ್ಟಿದೀನಿ ಕಣೇ,” ಎಂದಳು, ಯಾರದೋ ಮನೆಯ ವಿಚಾರದಂತೆ. “ನಿನ್ ಕೈ ಎರಡು ಇರ್ತವಲ್ಲ ಅಂತ.”

ನನಗೆ ಆ ಸಂಜೆ ನೆನಪಾಯಿತು. ಡೈರಿಯನ್ನು ಮುಚ್ಚದೆ, ನೋಡದೆ, ಹಿಡಿದುಕೊಂಡು ಕೂತಿದ್ದಳಲ್ಲ.

“ಅಮ್ಮ, ಅವತ್ತೇ ಗೊತ್ತಾಗಿತ್ತಾ ನಿಂಗೆ? ಸುಮ್ನಿದ್ದಿದ್ರೆ ನಾನು ಬಂದ್ಬಿಡ್ತಿದ್ದೆ ಅಂತ?”

“ಗೊತ್ತಾಗ್ದೆ ಏನು.”

“ಮತ್ಯಾಕೆ ಹೇಳ್ದೆ?”

ಬಸ್ಸು ಹೊರಟಿತು. “ನರಳ್ತಿರೋ ಮಗೂನ ಎದುರಿಗಿಟ್ಕೊಂಡು ಸುಮ್ನಿರಕ್ಕಾಗ್ತದೇನೇ? ಮುದ್ದೆ ತಿನ್ನು,” ಎಂದು ಕೂಗಿದಳು. ಇನ್ನೂ ಏನೋ ಹೇಳಿದಳು, ಕೇಳಲಿಲ್ಲ.

ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ರಾಶಿ. ಅದರಲ್ಲಿ ನಾನೂರು ಹುಳು ಎಂದರೂ ಐವತ್ತಕ್ಕೆ ಇಪ್ಪತ್ತು ಸಾವಿರ ಬಾಯಿ. ದಿನಕ್ಕೆ ನಾಲ್ಕು ಸಲ ಸೊಪ್ಪು, ನಾಲ್ಕು ಜ್ವರದ ದಿನ ಕಳೆದು ಇಪ್ಪತ್ತಮೂರು ದಿನ. ಟ್ರಂಕಿನ ಮೇಲೆ ಕೂತು ಲೆಕ್ಕ ಮಾಡಿದೆ. ತೊಂಬತ್ತೆರಡು ಸಲ ಅಮ್ಮ ಒಬ್ಬಳೇ ಬಗ್ಗಿ ಏಳಬೇಕು. ಗೌರಿಬಿದನೂರಿನ ಬಸ್ಸು ಬಂತು. ಸರ್ಟಿಫಿಕೇಟ್ ಕೈಯಲ್ಲೇ ಇತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಂದು ಕ್ಷಣ ನಿಂತು ಕಾದೆ. ಎದೆ ಹಾರಲಿಲ್ಲ. ಹಾರಿದ್ದರೆ ಇಳಿದುಬಿಡಲು ಒಂದು ನೆಪವಾದರೂ ಇರುತ್ತಿತ್ತು.